ಎಫ್ ಒತ್ತಿದವನು

ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಮಲಾಡಿನ ಆ ಆಫೀಸಿನೊಳಗೆ ಬಂದ ಮನುಷ್ಯನನ್ನು ಮೊದಲಿಗೆ ಯಾರೂ ಅಷ್ಟಾಗಿ ಗಮನಿಸಲಿಲ್ಲ. ಐವತ್ತರ ಆಸುಪಾಸು, ಕುಳ್ಳು, ಗಟ್ಟಿ ಮೈಕಟ್ಟು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಕಂಕುಳಲ್ಲಿ ಹಳೆಯದೊಂದು ಕೀಬೋರ್ಡು. ಅದರ ವಯರು ಮೊಣಕಾಲಿನ ತನಕ ಜೋತಾಡುತ್ತಿತ್ತು. ಯಾವುದೋ ರಿಪೇರಿಗೆ ಬಂದವನಿರಬೇಕೆಂದು ವಾಚ್‌ಮನ್ ತಡೆದಿರಲಿಲ್ಲ.

"ಸುಕೇಶ್ ಪೂಜಾರಿ ಅಂದ್ರ ಯಾರು?" ಎಂದು ಅವನು ಕನ್ನಡದಲ್ಲೇ ಕೇಳಿದ.

ಸುಕೇಶ್ ಅಲ್ಲೇ ರಿಸೆಪ್ಷನ್ ಕೌಂಟರಿನ ಪಕ್ಕ ಚಹಾದ ಗ್ಲಾಸು ಹಿಡಿದು ನಿಂತಿದ್ದ. ಆಫೀಸಿನಲ್ಲಿ ಕನ್ನಡ ಕಿವಿಗೆ ಬಿದ್ದದ್ದಕ್ಕೆ ಅವನಿಗೆ ಖುಷಿಯೇ ಆಯಿತು. "ನಾನೇ. ಎಂತ ಬೇಕಿತ್ತು?"

"ನಾ ಖಂಡಪ್ಪ. ದಹಿಸರದಾಂವ. ಹನ್ನೊಂದು ಮೇಲ್ ಹಾಕೀನಿ ನಿನಗ."

ಸುಕೇಶನಿಗೆ ಆ ಹೆಸರು ನೆನಪಾಗಲಿಲ್ಲ. ದಿನಕ್ಕೆ ಐವತ್ತು ಮೇಲ್ ಬರುತ್ತಿದ್ದವು. "ಓ ಹೌದಾ? ನೀವು ಕೂತ್ಕೊಳ್ಳಿ, ನಾನು ಸಪೋರ್ಟ್‌ನವರಿಗೆ ಹೇಳ್ತೇನೆ," ಎಂದು ನಕ್ಕ. ದಾಕ್ಷಿಣ್ಯದ ನಗೆ ಅದು, ಅದರಲ್ಲಿ ಬೇರೇನೂ ಇರಲಿಲ್ಲ. ಆದರೆ ಆಮೇಲೆ ಎಷ್ಟೋ ತಿಂಗಳು ಅವನು ಆ ನಗೆಯನ್ನೇ ನೆನೆದುಕೊಂಡು ಹಲ್ಲು ಕಚ್ಚಿದ್ದುಂಟು.

ಕೀಬೋರ್ಡು ಗಾಳಿಯಲ್ಲಿ ಎದ್ದದ್ದು ಅವನಿಗೆ ಕಾಣಿಸಲೇ ಇಲ್ಲ. ಎಡಗಿವಿಯ ಮೇಲೆ ಅದರ ಅಂಚು ಬಿತ್ತು. ಬಿಸಿ ಚಹಾ ಎದೆಯ ಮೇಲೆ ಚೆಲ್ಲಿತು. ಎರಡನೆಯ ಏಟು ಮೂಗಿನ ಮೇಲೆ. ಬಿಡಿಬಿಡಿ ಕೀಗಳು ಟೈಲ್ಸಿನ ಮೇಲೆಲ್ಲ ಚೆಲ್ಲಾಡಿದವು. ಸುಕೇಶ್ ಕುಸಿದು ಕೂತ. ಬಾಯಿಗೆ ರಕ್ತ ಇಳಿಯಿತು. ಏಳಲೆಂದು ಅವನು ಕೌಂಟರಿನ ಮೇಲೆ ಬಲಗೈ ಊರಿದಾಗ ಖಂಡಪ್ಪ ಆ ಮುಂಗೈಯನ್ನು ಅಲ್ಲೇ ಅದುಮಿ ಹಿಡಿದು, ಇನ್ನೊಂದು ಕೈಯಿಂದ ಗೋಡೆಯಲ್ಲಿ ನೇತುಹಾಕಿದ್ದ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಕಿತ್ತುಕೊಂಡ.

"ಇದ ಕೈ ಏನು?" ಎಂದು ಕೇಳಿ ಒಮ್ಮೆ ಕುಕ್ಕಿದ. "ಇದ ಕೈಲೆ ಬರದಿ ಏನು?" ಎಂದು ಎರಡನೇ ಸಲ. ಮೂರನೇ ಸಲ ಏನೂ ಕೇಳಲಿಲ್ಲ.

ಎಲುಬು ಮುರಿದ ಸದ್ದು ಸುಕೇಶನಿಗೆ ಕೇಳಿಸಿತು. ನೋವು ಇನ್ನೂ ತಲುಪಿರಲಿಲ್ಲ, ಸದ್ದು ಮಾತ್ರ ತಲುಪಿತ್ತು. ತನ್ನ ಮುಂಗೈಯನ್ನು ಅದುಮಿ ಹಿಡಿದಿದ್ದ ಆ ಬಲಗೈಯಲ್ಲಿ ತೋರುಬೆರಳೂ ನಡುಬೆರಳೂ ಬುಡದಿಂದಲೇ ಇಲ್ಲದ್ದನ್ನು ಅವನು ಆಗಲೇ ನೋಡಿದ್ದು. ಮೂರೇ ಬೆರಳಿನ ಆ ಹಿಡಿತದಿಂದ ಅವನಿಗೆ ಬಿಡಿಸಿಕೊಳ್ಳಲು ಆಗಲಿಲ್ಲ.

ನಾಲ್ಕು ಜನ ಸೇರಿ ಖಂಡಪ್ಪನನ್ನು ಎಳೆದುಹಾಕಿದರು. ಅವನು ಕೊಸರಾಡಲಿಲ್ಲ. ಸಿಲಿಂಡರನ್ನು ನೆಲಕ್ಕಿಟ್ಟು, ಸೋಫಾದ ಮೇಲೆ ಕೂತು, ನೀರು ಕೇಳಿದ. ಯಾರೂ ಕೊಡಲಿಲ್ಲ. ಪೊಲೀಸರು ಬರುವ ತನಕ ತನ್ನ ಬಿಳಿ ಅಂಗಿಯ ಮೇಲಿನ ರಕ್ತದ ಕಲೆಗಳನ್ನೇ ನೋಡುತ್ತ ಕೂತಿದ್ದ.

ಆ ಕಂಪನಿ ಮಾಡುತ್ತಿದ್ದದ್ದು 'ತಿತ್ಲಿ' ಎಂಬ ಸಾಫ್ಟ್‌ವೇರ್. ಮಕ್ಕಳ ಕಾರ್ಟೂನು ಬರೆಯುವವರು ಅದನ್ನು ಬಳಸುತ್ತಾರೆ. ಗೋರೆಗಾಂವದಿಂದ ವಿರಾರದ ತನಕ ಸಣ್ಣಪುಟ್ಟ ಸ್ಟುಡಿಯೋಗಳಲ್ಲೆಲ್ಲ ಅದೇ. ಮಾಲೀಕ ಅಕ್ಷಯ, ಬೆಳಗಾವಿ ಕಡೆಯ ವ್ಯಾಪಾರಿ ಮನೆತನದವನು, ಹುಟ್ಟಿ ಬೆಳೆದದ್ದೆಲ್ಲ ಮುಂಬಯಿ. ಯಾವ ಕೀ ಒತ್ತಿದರೆ ಏನಾಗಬೇಕು, ಮೌಸಿನ ಯಾವ ಗುಂಡಿ ಏನು ಮಾಡಬೇಕು ಎಂಬುದನ್ನೆಲ್ಲ ತೀರ್ಮಾನಿಸುವ ಕೆಲಸ ಸುಕೇಶನದು. ಮೂವತ್ತೆರಡು ವರ್ಷದ ಅವನಿಗೆ ಆ ಕೆಲಸದ ಮೇಲೆ ಹೆಮ್ಮೆಯಿತ್ತು. ಐದನೆಯ ಆವೃತ್ತಿಗಾಗಿ ಅವನು ಎಂಟು ತಿಂಗಳು ಕೂತು ಹಳೆಯ ಕೀಗಳನ್ನೆಲ್ಲ ಬದಲಾಯಿಸಿದ್ದ. ಹೊರದೇಶದ ದೊಡ್ಡ ಸಾಫ್ಟ್‌ವೇರುಗಳಲ್ಲಿ ಇರುವಂತೆಯೇ ತಿತ್ಲಿಯಲ್ಲೂ ಇರಬೇಕು, ಕಾಲೇಜಿನಿಂದ ಹೊಸದಾಗಿ ಬರುವವರಿಗೆ ಸುಲಭವಾಗಬೇಕು ಎಂಬುದು ಅವನ ವಾದ.

ಹಳೆಯ ತಿತ್ಲಿಯಲ್ಲಿ ಎಫ್ ಒತ್ತಿದರೆ ಬರೆದ ಚಿತ್ರ ಸೇವ್ ಆಗಿ ಮುಂದಿನ ಚಿತ್ರ ಬರುತ್ತಿತ್ತು. ಹೊಸದರಲ್ಲೂ ಮುಂದಿನ ಚಿತ್ರ ಬರುತ್ತಿತ್ತು, ಆದರೆ ಅದಕ್ಕೆ ಮೊದಲು ಆ ಚಿತ್ರದ ಪದರಗಳೆಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಗೆರೆ, ಬಣ್ಣ, ನೆರಳು, ಹಿಂದಿನ ದೃಶ್ಯ ಎಲ್ಲ ಸೇರಿ ಒಂದೇ ಹಾಳೆ. ಚಿತ್ರ ಪೂರ್ತಿ ಮುಗಿದ ಮೇಲೆ ಮಾಡುವ ಕೆಲಸ ಅದು. ಅಂಟಿದ್ದನ್ನು ಬಿಡಿಸಲಾಗದು. ಪರದೆಯ ಮೇಲೆ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಚಿತ್ರ ಮೊದಲು ಹೇಗಿತ್ತೋ ಹಾಗೇ ಕಾಣುತ್ತದೆ.

"ಒಂದು ಎಚ್ಚರಿಕೆ ಬಾಕ್ಸ್ ಆದ್ರೂ ಇರ್ಲಿ ಸುಕೇಶ್," ಎಂದು ಪ್ರಣೀತಾ ಹೇಳಿದ್ದಳು. ಬಿಡುಗಡೆಗೆ ಮುಂಚೆ ಎಲ್ಲವನ್ನೂ ಒತ್ತಿ, ಎಳೆದು, ಕೆಡಿಸಿ ನೋಡುವ ಕೆಲಸ ಅವಳದು. ಮಂಗಳೂರಿನವಳು. "ಹಳಬರು ಅಭ್ಯಾಸದಲ್ಲಿ ಒತ್ತಿಬಿಡ್ತಾರೆ."

"ಪ್ರತಿ ಸಲ 'ಖಂಡಿತವಾ?' ಅಂತ ಕೇಳ್ತಾ ಕೂತ್ರೆ ಕೆಲಸ ಸಾಗುದುಂಟಾ?" ಎಂದು ಸುಕೇಶ್ ಆ ಬಾಕ್ಸನ್ನು ತನ್ನ ಕೈಯಾರೆ ತೆಗೆದುಹಾಕಿದ್ದ.

ಖಂಡಪ್ಪ ದಹಿಸರದ ಒಂದು ಸ್ಟುಡಿಯೋದಲ್ಲಿ ಹಿರಿಯ ಚಿತ್ರಗಾರ. ಸ್ಟುಡಿಯೋದವರು ಒಂದು ಸೋಮವಾರ ಎಲ್ಲ ಕಂಪ್ಯೂಟರುಗಳಿಗೂ ಹೊಸ ತಿತ್ಲಿ ಹಾಕಿದರು. ಮೂರು ವಾರ ಅವನೂ ಅವನ ಕೈಕೆಳಗಿನ ನಾಲ್ವರೂ ಹೊಸ ಕೀಗಳ ಜೊತೆ ಗುದ್ದಾಡುತ್ತಲೇ ಎಂದಿನಂತೆ ಎಫ್ ಒತ್ತುತ್ತ ಹೋದರು. ಬಣ್ಣ ಬದಲಿಸಬೇಕಾದ ದಿನ ಬಂದಾಗ ಗೊತ್ತಾಯಿತು, ನಾಲ್ಕು ಸಾವಿರ ಚಿತ್ರಗಳು ಕಲ್ಲಾಗಿ ಕೂತಿದ್ದವು. ಅವರು ಬರೆಯುತ್ತಿದ್ದ ಕಾರ್ಟೂನು ಧಾರಾವಾಹಿ ಬೇರೆ ಸ್ಟುಡಿಯೋದ ಪಾಲಾಯಿತು. ಐದು ಜನರನ್ನೂ ಒಂದೇ ದಿನ ಮನೆಗೆ ಕಳಿಸಿದರು.

ಅವನು ಬರೆದ ಹನ್ನೊಂದು ಮೇಲ್‌ಗಳಿಗೆ ಸುಕೇಶನ ಹೆಸರಿನಲ್ಲಿ ಒಂದೇ ಸಿದ್ಧ ಉತ್ತರ ಹನ್ನೊಂದು ಸಲ ಹೋಗಿತ್ತು: ಹೊಸ ಆವೃತ್ತಿಯ ಜೊತೆ ಬಂದ ಸೂಚನೆಗಳನ್ನು ದಯವಿಟ್ಟು ಓದಿಕೊಳ್ಳಿ.

ಸುಕೇಶನಿಗೆ ಎರಡು ಆಪರೇಷನ್ ಆಯಿತು. ಮುಂಗೈಯಲ್ಲಿ ಪ್ಲೇಟು, ಬೆರಳುಗಳಲ್ಲಿ ತಂತಿ, ಮೊಣಕೈ ತನಕ ಪ್ಲಾಸ್ಟರು. ಕಿರುಬೆರಳು ಇನ್ನು ನೆಟ್ಟಗಾಗುವುದಿಲ್ಲ ಎಂದರು ಡಾಕ್ಟರು. ಖಂಡಪ್ಪನಿಗೆ ನಾಲ್ಕನೇ ದಿನಕ್ಕೆ ಜಾಮೀನು ಸಿಕ್ಕಿತು.

ಆ ಸುದ್ದಿ ತಂದವನು ಅಣ್ಣ ಸೀನ. ಸಾಂತಾಕ್ರೂಜ್ ಸ್ಟೇಷನ್ನಿನ ಹತ್ತಿರ ಅಪ್ಪ ಕಟ್ಟಿದ ಹೋಟೆಲನ್ನು ಈಗ ನಡೆಸುವವನು ಅವನೇ. ದೊಡ್ಡ ದೇಹ, ಸಣ್ಣ ಕೋಪವೂ ದೊಡ್ಡದಾಗಿ ಬರುವ ಜಾತಿ. ಆಸ್ಪತ್ರೆಯ ಮಂಚದ ಕಂಬಿ ಹಿಡಿದು ಅಲುಗಾಡಿಸುತ್ತ, "ನಾಲ್ಕೇ ದಿನ! ನನ್ನ ತಮ್ಮನ ಕೈ ಪುಡಿ ಮಾಡಿದವ ನಾಲ್ಕು ದಿನಕ್ಕೆ ಹೊರಗೆ ಬಂದು ವಡಾಪಾವ್ ತಿಂತಿದ್ದಾನೆ! ನೀನು ಹೂಂ ಅನ್ನು, ಸಾಕು. ಅವನ ಉಳಿದ ಬೆರಳೂ ಉಳಿಯುದಿಲ್ಲ," ಎಂದ.

"ಬೇಡ ಸೀನಣ್ಣ. ಕೇಸ್ ಉಂಟಲ್ಲ," ಎಂದ ಸುಕೇಶ್.

ಆಗ ಅವನು ಹಾಗೆಂದದ್ದು ಮನಸ್ಸಿನಿಂದಲೇ.

ಮೂರನೇ ವಾರ ಆಫೀಸಿಗೆ ಹೋದ. ಎಡಗೈಯಲ್ಲಿ ಮೌಸ್ ಹಿಡಿದು ತಿತ್ಲಿ ತೆರೆದ. ಒಂದು ಗೆರೆ ಎಳೆದು ಅದನ್ನು ಸರಿಸಲು ಹೋದರೆ ಕೀಬೋರ್ಡಿನಲ್ಲಿ ಎರಡು ಕೀ ಒತ್ತಿಹಿಡಿದು ಮೌಸಿನ ನಡುಗುಂಡಿಯನ್ನು ಅದುಮಬೇಕಿತ್ತು. ಕೀ ಒತ್ತಲು ಇನ್ನೊಂದು ಕೈ ಎಲ್ಲಿ? ಪ್ಲಾಸ್ಟರಿನ ತುದಿಯಿಂದ ಒತ್ತಿ ನೋಡಿದ. ಒಂದು ಒತ್ತಿದರೆ ಮೂರು ಒತ್ತುತ್ತಿದ್ದವು, ಚಿತ್ರ ಎಲ್ಲಿಗೋ ಹಾರಿಹೋಗುತ್ತಿತ್ತು. ಎಂಟು ತಿಂಗಳು ತಾನೇ ಕೂತು ಜೋಡಿಸಿದ ಕೀಗಳು ಅವು. ಅರ್ಧ ಗಂಟೆಯಲ್ಲಿ ಒಂದು ವೃತ್ತ ಬರೆಯಲು ಆಗಲಿಲ್ಲ. ಮೌಸನ್ನು ಎತ್ತಿ ಗೋಡೆಗೆ ಬೀಸಿದ. ಅದು ಒಡೆದು ಪ್ರಣೀತಾಳ ಕುರ್ಚಿಯ ಕೆಳಗೆ ಬಿತ್ತು.

ಅವಳು ಬೆಚ್ಚಿದಳು, ಆದರೆ ಬೈಯಲಿಲ್ಲ. ಮೇಜಿನ ಡ್ರಾಯರಿನಿಂದ ಕೆಲವು ಹಾಳೆ ತೆಗೆದು ಅವನ ಮುಂದಿಟ್ಟಳು. "ಆ ಮನುಷ್ಯನ ಮೇಲ್‌ಗಳು. ನೀನು ಓದ್ಲಿಲ್ಲ ಅಂತ ಗೊತ್ತು. ಈಗಾದ್ರೂ ಓದು."

ಅವನು ಓದಲಿಲ್ಲ. ಕೊನೆಯ ಹಾಳೆಯ ಕೆಳಗಿದ್ದ ವಿಳಾಸ ಮಾತ್ರ ಅವನ ಕಣ್ಣಿಗೆ ಬಿತ್ತು. ದಹಿಸರ್ ಪೂರ್ವ, ಬಿಲ್ಡಿಂಗಿನ ಹೆಸರು, ಎರಡನೇ ಮಾಳಿಗೆ. ಇಷ್ಟು ದಿನ ಒಳಗೇ ಕುದಿಯುತ್ತಿದ್ದ ಸಿಟ್ಟಿಗೆ ಹೋಗಲು ಒಂದು ಜಾಗ ಸಿಕ್ಕಿತು. ಹಾಳೆಗಳನ್ನು ಜೇಬಿಗೆ ತುರುಕಿ, ಹೊರಗೆ ಬಂದು, ಅಣ್ಣನಿಗೆ ಫೋನು ಮಾಡಿದ. "ಹೂಂ," ಎಂದ.

ಭಾನುವಾರ ಮಧ್ಯಾಹ್ನ ಇಬ್ಬರೂ ದಹಿಸರದಲ್ಲಿ ಇಳಿದರು. ಸೀನ ಹೋಟೆಲಿನಿಂದ ಇಬ್ಬರನ್ನು ಕರೆದುಕೊಂಡು ಬರುತ್ತೇನೆಂದಿದ್ದ. ಸುಕೇಶ್ ಬೇಡವೆಂದ. ತನ್ನ ಕೈಯಾರೆ ಹೊಡೆಯಬೇಕೆಂಬ ಆಸೆ ಅವನದು. ಇದ್ದದ್ದು ಒಂದೇ ಕೈ, ಅದೂ ಎಡಗೈ, ಅದರಲ್ಲಿ ಅವನು ಜೀವಮಾನದಲ್ಲಿ ಯಾರಿಗೂ ಹೊಡೆದವನಲ್ಲ.

ಬಾಗಿಲು ತೆರೆದವನು ಖಂಡಪ್ಪನೇ. ಬನಿಯನ್ನು, ಲುಂಗಿ. ಸುಕೇಶನನ್ನು ನೋಡಿದ, ಪ್ಲಾಸ್ಟರು ನೋಡಿದ, ಹಿಂದಿದ್ದ ಸೀನನನ್ನು ನೋಡಿದ. ಬಾಗಿಲು ಮುಚ್ಚಲಿಲ್ಲ. "ಬರ್ರಿ," ಎಂದು ಹಿಂದೆ ಸರಿದ.

ಸೀನನ ಮೊದಲ ಗುದ್ದು ಅವನ ಬಾಯಿಗೆ ಬಿತ್ತು. ಎರಡನೆಯದು ಹೊಟ್ಟೆಗೆ. ಖಂಡಪ್ಪ ಮಡಚಿಕೊಂಡು ಬಿದ್ದ. ಸುಕೇಶ್ ಅವನ ಪಕ್ಕೆಗೆ ಒದ್ದ. ಒದೆಯುವಾಗ ಎಷ್ಟು ಸುಖವೆನಿಸಿತೆಂದರೆ ಅವನಿಗೇ ಭಯವಾಯಿತು, ಆದರೆ ಕಾಲು ನಿಲ್ಲಲಿಲ್ಲ. "ಏಳು! ಎದ್ದು ಹೊಡಿ ಈಗ! ಸಿಲಿಂಡರ್ ಬೇಕಾ? ತಂದು ಕೊಡ್ಲಾ?" ಎಂದು ಕಿರುಚುತ್ತ ಒದ್ದ. ಖಂಡಪ್ಪ ತಲೆಯ ಮೇಲೆ ಎರಡೂ ಕೈಯಿಟ್ಟುಕೊಂಡು ಸುಮ್ಮನೆ ತಿಂದ. ಬಾಯಿಂದ ರಕ್ತದ ಜೊತೆ ಒಂದು ಹಲ್ಲು ಹೊರಬಂತು.

ಕಿಟಕಿಯ ಪಕ್ಕದ ಮೇಜಿನ ಮೇಲೆ ಹಳೆಯದೊಂದು ಕಂಪ್ಯೂಟರ್ ಇತ್ತು. ಸೀನ ಅತ್ತ ಹೋಗಿ ಮಾನಿಟರಿನ ಕುತ್ತಿಗೆ ಹಿಡಿದು ಎತ್ತಿದ. ಅಷ್ಟು ಹೊತ್ತು ಸತ್ತಂತೆ ಬಿದ್ದಿದ್ದ ಖಂಡಪ್ಪ ಆಗ ಎದ್ದ. ಎದ್ದವನೇ ಸೀನನ ಸೊಂಟಕ್ಕೆ ಜೋತುಬಿದ್ದು ಅವನ ತೋಳು ಕಚ್ಚಿದ. ಸೀನ ಬೊಬ್ಬೆ ಹೊಡೆದ. ಇಬ್ಬರೂ ಕಪಾಟಿಗೆ ಬಡಿದರು, ಗಾಜು ಒಡೆದು ಕೆಳಗೆ ಸುರಿಯಿತು. ಖಂಡಪ್ಪನ ಮೂರು ಬೆರಳು ಅಣ್ಣನ ಗಂಟಲು ಹಿಡಿದದ್ದನ್ನು ಸುಕೇಶ್ ನೋಡಿದ. ಆ ಹಿಡಿತ ಅವನಿಗೆ ಗೊತ್ತಿತ್ತು. ಬೇರೆ ಏನೂ ತೋಚದೆ ಪ್ಲಾಸ್ಟರಿನ ಕೈಯನ್ನೇ ಎತ್ತಿ, ಇದ್ದ ಬಲವನ್ನೆಲ್ಲ ಹಾಕಿ, ಖಂಡಪ್ಪನ ತಲೆಗೆ ಬೀಸಿದ.

ಅಡುಗೆಮನೆಯಿಂದ ಓಡಿಬಂದ ಹೆಂಗಸನ್ನು ಅವನು ನೋಡಿರಲಿಲ್ಲ. ಗಂಡನನ್ನು ಬಿಡಿಸಲು ನಡುವೆ ನುಗ್ಗಿದ ದೇವಕ್ಕನ ಹಣೆಗೆ ಆ ಏಟು ಬಿತ್ತು.

ಅವಳು ಕಿರುಚಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಮೆಲ್ಲಗೆ ಜಾರಿ ಕೂತಳು. ಹಣೆ ಬಾಯ್ಬಿಟ್ಟಿತ್ತು. ರಕ್ತ ಹುಬ್ಬಿನ ಮೇಲಿಂದ ಕಣ್ಣಿಗೆ, ಕಣ್ಣಿಂದ ಕೆನ್ನೆಗೆ, ಅಲ್ಲಿಂದ ಸೀರೆಗೆ ಇಳಿಯತೊಡಗಿತು. ಸುಕೇಶನ ಪ್ಲಾಸ್ಟರಿನ ಬಿಳಿಯ ಮೇಲೆ ಅಂಗೈಯಗಲದ ಕೆಂಪು. ಒಳಗೆ ಮುರಿದ ಎಲುಬುಗಳು ಮತ್ತೆ ಮುರಿದಂತೆ ನೋವು ಹೊಡೆಯಿತು. ಅವನು ಕೂಗಿಕೊಳ್ಳಬೇಕೆಂದು ಬಾಯಿ ತೆರೆದ. ಅವಳು ಸುಮ್ಮನಿದ್ದದ್ದು ಕಂಡು ಕೂಗು ಹೊರಡಲಿಲ್ಲ.

"ಮುಗೀತೇನು?" ಎಂದು ಕೇಳಿದಳು ದೇವಕ್ಕ. "ಮೂರೂ ಮಂದಿದು ಮುಗೀತೇನು? ಮುಗದಿದ್ರ ಒಂದ್ ರಿಕ್ಷಾ ಕರೀರಿ. ನನಗ ಕಣ್ಣು ಕಾಣವಲ್ದು."

ರಿಕ್ಷಾ ತಂದವನು ಸೀನ. ಕಚ್ಚಿಸಿಕೊಂಡ ತೋಳಿಗೆ ಕರ್ಚೀಫು ಸುತ್ತಿಕೊಂಡು ಮೆಟ್ಟಿಲಿಳಿದು ಓಡಿದ್ದ. ನರ್ಸಿಂಗ್ ಹೋಮಿನಲ್ಲಿ ದೇವಕ್ಕನಿಗೆ ಒಂಬತ್ತು ಹೊಲಿಗೆ ಬಿದ್ದವು. ಹೇಗಾಯಿತು ಎಂದು ಡಾಕ್ಟರು ಕೇಳಿದಾಗ ಮೂವರು ಗಂಡಸರೂ ನೆಲ ನೋಡಿದರು. ಬಾತ್‌ರೂಮಿನಲ್ಲಿ ಜಾರಿದೆ ಎಂದು ಅವಳು ಹೇಳಬಹುದೆಂದು ಸುಕೇಶ್ ಒಳಗೊಳಗೇ ಆಸೆಪಟ್ಟಿದ್ದ. ಅವಳು ಹಾಗೆ ಹೇಳಲಿಲ್ಲ.

"ಈತ ಹೊಡದಾನ್ರಿ. ಇವರಿಬ್ಬರೂ ಮನಿ ಹೊಕ್ಕು ನಮ್ಮ ಮನಿಯವರನ್ನ ಬಡದಾರ. ಅದಕ್ಕಿಂತ ಮೊದ್ಲ ನಮ್ಮ ಮನಿಯವರು ಈತನ ಕೈ ಮುರದಾರ. ಎಲ್ಲಾ ಬರ್ಕೋರಿ."

ಡಾಕ್ಟರು ಬರೆದುಕೊಂಡರು, ಪೊಲೀಸ್ ಸ್ಟೇಷನ್ನಿಗೆ ಫೋನೂ ಮಾಡಿದರು. ಅಣ್ಣತಮ್ಮಂದಿರ ಮೇಲೂ ಕೇಸಾಯಿತು. ಒಂದು ಇಡೀ ದಿನ ಲಾಕಪ್ಪಿನಲ್ಲಿ ಕಳೆದರು. ಸೀನ ಮೊದಲ ಎರಡು ಗಂಟೆ ಬೈದ, ಆಮೇಲೆ ಗೋಡೆ ನೋಡುತ್ತ ಕೂತ. "ಹೆಂಗಸಿಗೆ ಬಿತ್ತಲ್ಲ ಮಾರಾಯ. ಅಪ್ಪ ಇದ್ದಿದ್ರೆ ನಮ್ಮಿಬ್ಬರ ಚರ್ಮ ಸುಲೀತಿದ್ರು," ಎಂದು ಒಮ್ಮೆ ಮಾತ್ರ ಹೇಳಿದ.

ಹೊರಗೆ ಬಂದ ಮೇಲೆ ಸುಕೇಶ್ ಜೇಬಿನಲ್ಲಿ ಮುದುಡಿ ಹೋಗಿದ್ದ ಆ ಹಾಳೆಗಳನ್ನು ಬಿಡಿಸಿ ಓದಿದ. ತಪ್ಪುತಪ್ಪು ಇಂಗ್ಲಿಷು. ಮೊದಮೊದಲು ಬೈಗುಳವೇನೂ ಇರಲಿಲ್ಲ. 'ಸರ್, ಎಫ್ ಕೀ ಚಿತ್ರಗಳನ್ನು ಕೂಡಿಸುತ್ತಿದೆ, ಬಿಡಿಸುವ ದಾರಿ ಹೇಳಿ' ಎಂದು ಐದು ಸಲ ಕೇಳಿದ್ದ. ಆರನೆಯದರಲ್ಲಿ, 'ಸರ್, ನನ್ನ ಜೊತೆ ನಾಲ್ಕು ಜನ ಇದ್ದಾರೆ' ಎಂದಿತ್ತು. ಕೊನೆಯದರಲ್ಲಿ ಒಂದೇ ಸಾಲು, 'ನಾನೇ ಬರುತ್ತೇನೆ'.

ಎರಡೂ ಕಡೆಯ ವಕೀಲರು ಕೂತು ರಾಜಿಯ ಮಾತು ತೆಗೆದರು. ಕೋರ್ಟಿನ ಒಪ್ಪಿಗೆ ಪಡೆದು ಎರಡೂ ಕೇಸು ಮುಗಿಸುವುದು. ಖಂಡಪ್ಪ ಹೂಂ ಎಂದ, ಸುಕೇಶನೂ ಹೂಂ ಎಂದ. ದೇವಕ್ಕ ಮಾತ್ರ ಪೆನ್ನು ಮುಟ್ಟಲಿಲ್ಲ. ಹಣೆಯ ಬ್ಯಾಂಡೇಜಿನ ಕೆಳಗಿಂದ ಸುಕೇಶನನ್ನೇ ದಿಟ್ಟಿಸಿದಳು.

"ನಾ ಸಹಿ ಮಾಡ್ತೀನಿ. ಅದಕ್ಕಿಂತ ಮುಂಚೆ ಈತ ನಮ್ಮ ಮನಿಗಿ ಬಂದು, ಇವರು ಕೆಲಸ ಮಾಡೂದನ್ನ ಒಂದ್ ದಿನ ಪೂರ್ತಿ ಕುಂತು ನೋಡ್ಬೇಕು. ಬಾಯಿ ಬಿಡಬಾರ್ದು. ಸುಮ್ನ ನೋಡ್ಬೇಕು."

"ಅದರಿಂದ ಏನು ಉಪಯೋಗ ಅಮ್ಮಾ?" ಎಂದ ವಕೀಲ.

"ನಿಮಗಲ್ಲ ಹೇಳಿದ್ದು," ಎಂದಳು.

ಹಾಗೆ ಸುಕೇಶ್ ಎರಡನೇ ಸಲ ಆ ಮನೆಗೆ ಹೋದ. ಒಡೆದ ಗಾಜಿನ ಕಪಾಟಿಗೆ ರಟ್ಟು ಅಂಟಿಸಿದ್ದರು. ಖಂಡಪ್ಪ ಅವನ ಮುಖ ನೋಡಲಿಲ್ಲ. ಕುರ್ಚಿ ತೋರಿಸಿ, ಕಂಪ್ಯೂಟರಿನ ಮುಂದೆ ಕೂತ. ಊರಿನ ಕಡೆಯ ಶಾಲೆಯೊಂದಕ್ಕೆ ಪಾಠದ ಚಿತ್ರ ಬರೆಯುವ ಸಣ್ಣ ಕೆಲಸ ಸಿಕ್ಕಿತ್ತು. ಹಳೆಯ ತಿತ್ಲಿಯನ್ನೇ ತೆರೆದ.

ಮೂರು ಬೆರಳಿನ ಬಲಗೈ ಮೌಸಿನ ಮೇಲೆ ಅಡ್ಡಲಾಗಿ ಕೂತಿತು. ಹೆಬ್ಬೆರಳೂ ಕಿರುಬೆರಳೂ ಅದನ್ನು ಎರಡೂ ಬದಿಯಿಂದ ಹಿಡಿದವು, ಉಂಗುರಬೆರಳು ಒತ್ತುತ್ತಿತ್ತು. ಅದು ಒತ್ತಬಲ್ಲದ್ದು ಒಂದೇ ಗುಂಡಿ. ಉಳಿದದ್ದೆಲ್ಲ ಎಡಗೈಯ ಪಾಲು. ಆ ಎಡಗೈ ಕೀಬೋರ್ಡಿನ ಎಡಮೂಲೆಯ ಹತ್ತು ಹನ್ನೆರಡು ಕೀಗಳನ್ನು ಬಿಟ್ಟು ಎಲ್ಲೂ ಹೋಗುತ್ತಿರಲಿಲ್ಲ. ಕೀಗಳನ್ನು ಅವನು ನೋಡುತ್ತಲೂ ಇರಲಿಲ್ಲ. ಗೆರೆ ಬಾಗುತ್ತಿತ್ತು, ಸರಿಯುತ್ತಿತ್ತು, ಬಣ್ಣ ತುಂಬಿಕೊಳ್ಳುತ್ತಿತ್ತು. ಬಾವಿಯ ಕಟ್ಟೆಯ ಮೇಲೆ ಕೂತ ಹುಡುಗಿಯೊಬ್ಬಳು ತಲೆ ತಿರುಗಿಸಿ ನಗುವುದು ಸುಕೇಶನ ಕಣ್ಣೆದುರೇ ಆಯಿತು. ಎಫ್. ಮತ್ತೊಂದು. ಎಫ್. ಪ್ರತಿ ಸಲ ಆ ಕೀ ಒತ್ತುವಾಗ ಖಂಡಪ್ಪನ ದವಡೆ ಬಿಗಿಯುತ್ತಿತ್ತು. ಹಳೆಯ ತಿತ್ಲಿಯೇ ಆದರೂ ಆ ಬೆರಳಿಗೆ ಈಗ ಭಯ ಹೊಕ್ಕಿತ್ತು.

ಮಧ್ಯಾಹ್ನದ ಹೊತ್ತಿಗೆ ಸುಕೇಶ್ ಮಾತು ಮುರಿದ. "ಬೆರಳು ಹೇಗೆ ಹೋಯ್ತು?"

"ಬಾಯಿ ಬಿಡಬ್ಯಾಡ ಅಂದಿದ್ಲು," ಎಂದ ಖಂಡಪ್ಪ. ಇನ್ನೊಂದು ಚಿತ್ರ ಮುಗಿಸಿ ತಾನಾಗಿಯೇ ಹೇಳಿದ. "ಹತ್ತೊಂಬತ್ತು ವರ್ಷದಾಂವ ಇದ್ದೆ. ಪ್ರೆಸ್ಸಿನ್ಯಾಗ ಕಾಗದ ಕತ್ತರಿಸೂ ಮಷೀನು. ಅದಕ್ಕಿಂತ ಮೊದ್ಲ ಬೋರ್ಡ್ ಬರೀತಿದ್ದೆ, ಬ್ರಶ್ಶಿನ್ಯಾಗ. ಆಮ್ಯಾಲೆ ಬ್ರಶ್ ಹಿಡಿಯಾಕ ಬರಲಿಲ್ಲ, ಪೆನ್ಸಿಲ್ಲೂ ನಿಲ್ಲಲಿಲ್ಲ. ಇಪ್ಪತ್ತು ವರ್ಷ ಪ್ಯಾಕಿಂಗ್ ಕೆಲಸ ಮಾಡಿದೆ. ನಿಮ್ಮ ತಿತ್ಲಿ ಬಂದಾಗ ಯಾರೋ ಮೌಸ್ ಕೈಗಿ ಕೊಟ್ರು. ಹಿಡಿಯಾಕ ಬಂತು." ಅವನು ಮೌಸಿನಿಂದ ಕೈ ತೆಗೆದು ಲುಂಗಿಗೆ ಒರೆಸಿಕೊಂಡ. "ಎಲ್ಲಾ ಕೀ ಎಡಗಡೆ ಇದ್ವು, ಒಂದ ಗುಂಡಿ ಸಾಕಿತ್ತು. ನನಗಂತ ಮಾಡ್ಯಾರ ಅನಿಸ್ತು. ನೀ ಬಂದು ಅದನ್ನ ಚೊಲೋ ಮಾಡಿದಿ."

ಸುಕೇಶನಿಗೆ ಕ್ಷಮೆ ಕೇಳಬೇಕೆನಿಸಲಿಲ್ಲ. ಅವನ ಕೈ ಆಗಲೂ ಜುಮುಜುಮು ಎನ್ನುತ್ತಿತ್ತು. ಎದುರಿಗೆ ಕೂತಿದ್ದ ಮನುಷ್ಯ ಸಿಲಿಂಡರ್ ಎತ್ತಿದ್ದನ್ನು ಅವನು ಮರೆತಿರಲಿಲ್ಲ, ಮರೆಯುವವನೂ ಅಲ್ಲ. ಆದರೆ ಇಡೀ ಎಂಟು ತಿಂಗಳು ಅವನು ಯಾರ ಕೈಯನ್ನೂ ನೋಡಿರಲಿಲ್ಲ. ಕೀಬೋರ್ಡಿನ ನಕ್ಷೆ ನೋಡಿದ್ದ. ಸಂಜೆ ಏಳುವಾಗ, "ನಾಳೆ ಮತ್ತೆ ಬರ್ತೇನೆ, ಬರ್ಕೊಳ್ಳುದುಂಟು," ಎಂದಷ್ಟೇ ಅಂದ. ದೇವಕ್ಕ ಒಳಗಿನಿಂದ ಪೆನ್ನು ತಂದು ಕಾಗದಕ್ಕೆ ಸಹಿ ಹಾಕಿದಳು.

ಅಕ್ಷಯನ ಕ್ಯಾಬಿನ್ನಿನಲ್ಲಿ ಜಗಳವೇ ಆಯಿತು.

"ಹಳೇ ಕೀ ವಾಪಸ್ ತರೋದಾ? ಪಾಗಲ್ ಹೋ ಗಯಾ ಕ್ಯಾ?" ಎಂದ ಅಕ್ಷಯ. "ತರೋದು ಅಂದ್ರೆ ನಮ್ದೇ ಗಲತಿ ಅಂತ ಒಪ್ಕೊಂಡ ಹಾಗೆ. ನಾಳೆ ಹತ್ತು ಸ್ಟುಡಿಯೋ ಪರಿಹಾರ ಕೇಳ್ಕೊಂಡು ಬಂದು ನಿಂತ್ಕೋತಾವೆ. ಔರ್ ಉಸ್ ಗುಂಡೇ ಕೇ ಲಿಯೇ? ನಿನ್ನ ಕೈ ಮುರಿದವನಿಗೆ?"

"ಗಲತಿ ನಮ್ದೇ. ನಂದು," ಎಂದ ಸುಕೇಶ್. "ಬಾಕ್ಸ್ ತೆಗೆದವ ನಾನು. ಪ್ರಣೀತಾ ತೆಗೀಬೇಡ ಅಂದಿದ್ಳು."

"ಸುನ್, ಸುಮ್ನಿರು. ಲಾಯರ್ ಹೇಳಿದ್ದು..."

ಸುಕೇಶ್ ಪ್ಲಾಸ್ಟರ್ ಬಿಚ್ಚಿದ ತನ್ನ ಬಲಗೈಯನ್ನು ಮೇಜಿನ ಮೇಲಿಟ್ಟ. ಬತ್ತಿಹೋದ ಚರ್ಮ, ಹೊಲಿಗೆಯ ಗುರುತು, ಒಳಕ್ಕೆ ಬಾಗಿದ ಕಿರುಬೆರಳು. "ಈ ಕೈಯಲ್ಲಿ ನಿನ್ನ ಹೊಸ ತಿತ್ಲಿ ನಡೀಲಿಕ್ಕಿಲ್ಲ ಅಕ್ಷಯ. ಮೂರು ತಿಂಗಳಿಂದ ನೋಡ್ತಿದ್ದೇನೆ. ಮಾಡಿದವನಿಗೇ ಬಳಸ್ಲಿಕ್ಕೆ ಆಗುದಿಲ್ಲ. ಮಾಡುದಿದ್ರೆ ನಾನು ಇರ್ತೇನೆ, ಇಲ್ಲದಿದ್ರೆ ಇವತ್ತೇ ಹೋಗ್ತೇನೆ. ಆದ್ರೆ ಹೋಗುವಾಗ ಎಲ್ಲ ಸ್ಟುಡಿಯೋದವರಿಗೆ ಎಫ್ ಒತ್ತಬೇಡಿ ಅಂತ ಮೇಲ್ ಹಾಕಿಯೇ ಹೋಗ್ತೇನೆ."

ಅಕ್ಷಯ ಪೇಪರ್‌ವೇಟ್ ಎತ್ತಿ ನೆಲಕ್ಕೆ ಎಸೆದ. ಆದರೆ ಬೇಡವೆನ್ನಲಿಲ್ಲ.

ನಾಲ್ಕು ತಿಂಗಳು ಹಿಡಿಯಿತು. ಸುಕೇಶನೂ ಪ್ರಣೀತಾಳೂ ವಾರಕ್ಕೆರಡು ದಿನ ದಹಿಸರಕ್ಕೆ ಹೋದರು. ಪದರಗಳನ್ನು ಅಂಟಿಸುವ ಕೆಲಸಕ್ಕೆ ಎಫ್‌ನಿಂದ ದೂರದ ಬೇರೆ ಕೀ ಬಂತು. ಅಂಟಿಸಿದ ಮೇಲೂ ಒಳಗೆ ಬಿಡಿ ಪದರಗಳ ಒಂದು ಪ್ರತಿ ಉಳಿಯುವಂತಾಯಿತು. ಹಳಬರು ಹಳೆಯ ಕೀಗಳನ್ನೇ ಇಟ್ಟುಕೊಳ್ಳಬಹುದಿತ್ತು. ಒತ್ತಿಹಿಡಿಯಲಾಗದವರು ಒಮ್ಮೆ ತಟ್ಟಿ ಬಿಟ್ಟರೆ ಸಾಕು, ಇನ್ನೊಮ್ಮೆ ತಟ್ಟುವ ತನಕ ಕೀ ಒತ್ತಿದಂತೆಯೇ ಇರುತ್ತಿತ್ತು. ಬಲಗಡೆಯ ಕೀಗಳನ್ನೆಲ್ಲ ಎಡಕ್ಕೂ, ಎಡಗಡೆಯದನ್ನು ಬಲಕ್ಕೂ ಮಗುಚಿ ಹಾಕಬಹುದಿತ್ತು. ಸುಕೇಶ್ ಅದನ್ನು ತನಗಾಗಿಯೇ ಮಾಡಿಕೊಂಡದ್ದು.

ಆ ನಾಲ್ಕು ತಿಂಗಳು ಶಾಂತವಾಗಿ ಕಳೆಯಲಿಲ್ಲ. ಖಂಡಪ್ಪನಿಗೆ ಯಾವುದೂ ಹಿಡಿಸುತ್ತಿರಲಿಲ್ಲ. ಒಂದು ಸಲ ಕೀ ತಡವಾಗಿ ಕೆಲಸ ಮಾಡಿತೆಂದು ಮೇಜು ಗುದ್ದಿ ಎದ್ದುನಿಂತ. ಸುಕೇಶನ ಮೈ ತಾನಾಗಿಯೇ ಹಿಂದಕ್ಕೆ ಹಾರಿತು, ಕುರ್ಚಿ ಉರುಳಿತು, ಬಲಗೈ ಎದೆಗೆ ಅವಚಿಕೊಂಡಿತು. ಎಡಗೈ ಮುಷ್ಟಿಯಾಗಿತ್ತು. ಇಬ್ಬರೂ ಹಾಗೇ ಎದುರುಬದುರು ನಿಂತರು, ಏದುಸಿರು ಬಿಡುತ್ತ. ಪ್ರಣೀತಾ ನಡುವೆ ಬರಲು ಹೋದಳು. ದೇವಕ್ಕ ಅವಳ ತೋಳು ಹಿಡಿದು ಹಿಂದಕ್ಕೆಳೆದಳು.

"ನೀ ಹೋಗಬ್ಯಾಡವ್ವಾ, ನಡುವ ಹೋದವರಿಗೇ ಬೀಳ್ತದ," ಎಂದಳು. ಹಣೆಯ ಗಾಯ ಮಾಗಿ ಹುಬ್ಬಿನ ತನಕ ಒಂದು ನೇರಳೆ ಗೆರೆ ಉಳಿದಿತ್ತು.

ಖಂಡಪ್ಪ ಆ ಗೆರೆಯನ್ನು ನೋಡಿದ. ಸುಕೇಶನೂ ನೋಡಿದ. ಮೊದಲು ಕೂತವನು ಖಂಡಪ್ಪ.

ಬಿಡುಗಡೆಗೆ ಮೂರು ದಿನ ಮೊದಲು ಅವನು ಹೊಸ ತಿತ್ಲಿಯಲ್ಲಿ ಬೆಳಗಿನಿಂದ ಸಂಜೆಯ ತನಕ ಬರೆದ. ಸುಕೇಶ್ ಪಕ್ಕದಲ್ಲಿ ಕೂತಿದ್ದ. ಖಂಡಪ್ಪ ಬೇಕೆಂದೇ ತಪ್ಪು ಕೀ ಒತ್ತಿದ, ಬೇಕೆಂದೇ ಅಂಟಿಸಿದ, ಬಿಡಿಸಿದ. ಇನ್ನೂರು ಚಿತ್ರವಾದ ಮೇಲೆ ಮೌಸಿನಿಂದ ಕೈ ತೆಗೆದು ಬೆರಳು ನೀವಿಕೊಂಡ.

"ನಡೀತದ," ಎಂದ.

ಅದಕ್ಕಿಂತ ಹೆಚ್ಚಿನದನ್ನು ಸುಕೇಶ್ ನಿರೀಕ್ಷಿಸಿರಲಿಲ್ಲ. ಎದ್ದು ಬ್ಯಾಗು ಹೆಗಲಿಗೇರಿಸಿದ.

"ಹಂಗಂತ ನಾ ಮಾಡಿದ್ದು ಚೊಲೋ ಅಂತ ಅನ್ನಾಕತ್ತಿಲ್ಲ," ಎಂದ ಖಂಡಪ್ಪ, ಪರದೆಯನ್ನೇ ನೋಡುತ್ತ. "ಆ ದಿನ ಮೂರನೇ ಸಲ ಕುಕ್ಕಬಾರ್ದಿತ್ತು. ಎರಡಕ್ಕ ನಿಂದು ಮುರದಿತ್ತು, ನನಗ ಸದ್ದು ಕೇಳಿಸಿತ್ತು. ಗೊತ್ತಿದ್ದೂ ಕುಕ್ಕಿದೆ."

ಆ ಮೂರನೆಯ ಏಟೇ ಕಿರುಬೆರಳನ್ನು ಬಾಗಿಸಿದ್ದೆಂದು ಸುಕೇಶನಿಗೆ ಗೊತ್ತಿತ್ತು. ಅದನ್ನು ಹೇಳಲಿಲ್ಲ. "ನಾನೂ ನೀವು ಬಿದ್ದ ಮೇಲೆ ಒದ್ದದ್ದು," ಎಂದ. "ಖುಷಿಯಾಗಿತ್ತು."

"ಆಗ್ತದ," ಎಂದ ಖಂಡಪ್ಪ.

ಅಡುಗೆಮನೆಯಲ್ಲಿ ದೇವಕ್ಕ ರೊಟ್ಟಿ ತಟ್ಟುವ ಸದ್ದು ಬರುತ್ತಿತ್ತು. ಉಂಡು ಹೋಗು ಎಂದು ಅವಳು ಕರೆಯಲಿಲ್ಲ. ಅವನಿಗೂ ಅದು ಸರಿಯೆನಿಸಿತು. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದ. ಕೆಳಗೆ ಸ್ಟೇಷನ್ನಿನ ಕಡೆ ಹೋಗುವ ರಿಕ್ಷಾಗಳು ಸಾಲಾಗಿ ನಿಂತಿದ್ದವು. ಒಂದನ್ನು ಕೈ ಮಾಡಿ ಕರೆದು, ಹತ್ತಿ ಕೂತು, ನೋಯುವ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಮಲಾಡಿಗೆ ಹೊರಟ.